ಗಾಳಿಗೆ ದಾರಿ ಮಾಡಿದವನು : ಬ್ರೂಸ್ ಮೆಕ್ಲಾರೆನ್

ಮನುಷ್ಯನಿಗೆ ಉಸಿರು ಹೇಗೋ ಎಂಜಿನ್ನಿಗೆ ಗಾಳಿಯೂ ಹಾಗೆಯೇ. ಪೆಟ್ರೋಲನ್ನು ದುಡ್ಡು ಕೊಟ್ಟು ತರುವುದರಿಂದ ಅದರ ಲೆಕ್ಕ ಎಲ್ಲರಿಗೂ ಗೊತ್ತು. ಗಾಳಿ ಪುಕ್ಕಟೆಯಾದುದರಿಂದ ಅದರ ಲೆಕ್ಕವಿಡುವವರು ಕಡಮೆ. ಒಂದು ತೂಕ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಹೆಚ್ಚುಕಡಮೆ ೧೫ ತೂಕ ಗಾಳಿ ಬೇಕು. ಗಾಳಿಯಾದರೋ ಕಾದಷ್ಟೂ ಹಿಗ್ಗಿ ತೆಳುವಾಗುತ್ತದೆ. ಮುಚ್ಚಿದ ಬಾನೆಟ್ಟಿನೊಳಗೆ ೬೦ ಡಿಗ್ರಿ ಸೆಲ್ಸಿಯಸ್ಸಿಗೆ ಕಾದ ಗಾಳಿಯನ್ನು ಸೇದುವ ಎಂಜಿನ್ನು, ಹೊರಗಿನ ೩೦ ಡಿಗ್ರಿಯ ಗಾಳಿಯನ್ನು ಸೇದುವ ಎಂಜಿನ್ನಿಗಿಂತ ಪ್ರತಿ ಉಸಿರಿನಲ್ಲಿಯೂ ನೂರಕ್ಕೆ ಸುಮಾರು ೯ ಪಾಲು ಕಡಮೆ ಗಾಳಿಯನ್ನು ಪಡೆಯುತ್ತದೆ. ಆದುದರಿಂದಲೇ ವೇಗದ ಹುಚ್ಚುಳ್ಳವರು ತಮ್ಮ ಮನೆಯಂಗಳದಲ್ಲಿಯೇ ತಗಡನ್ನು ಕತ್ತರಿಸಿ, ಕೊಳವೆಯನ್ನು ಜೋಡಿಸಿ, ಹೊರಗಿನ ತಂಪು ಗಾಳಿಯನ್ನು ನೇರವಾಗಿ ಎಂಜಿನ್ನಿನ ಬಾಯಿಗೆ ತಂದುಕೊಡುವ ಸಾಹಸ ಮಾಡುತ್ತಾರೆ.

ಈ ತತ್ತ್ವವನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ. ನನ್ನ ತಂದೆ ಹೆದ್ದಾರಿಯ ಬದಿಯ ಗ್ಯಾರೇಜೊಂದರಲ್ಲಿ ಲಾರಿ ಮೇಸ್ತ್ರಿ. ರಾತ್ರಿಯ ತಂಪಿನಲ್ಲಿ ಗಾಡಿ ಘಾಟಿಯನ್ನು ಹಗುರವಾಗಿ ಹತ್ತುತ್ತದೆಂದು ಚಾಲಕರು ಹೇಳುವುದನ್ನೂ, ಬಂದ ಗಾಡಿಯ ಏರ್ ಫಿಲ್ಟರನ್ನು ತಂದೆಯವರು ಎಲ್ಲಕ್ಕಿಂತ ಮೊದಲು ಬಿಚ್ಚಿ ನೋಡುವುದನ್ನೂ ಬಾಲ್ಯದಿಂದ ಕಂಡಿದ್ದೇನೆ. ಕಾರಣವನ್ನು ಮಾತ್ರ ಅವರು ವಿವರಿಸಿದವರಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ನಾನೇ ಮೊದಲಿಗ. ಇಲ್ಲಿಗೆ ಬಂದ ಮೇಲೆ ನಮ್ಮ ಗ್ರಂಥಾಲಯದಲ್ಲಿ ಅಕಸ್ಮಾತ್ತಾಗಿ ಒಬ್ಬನ ಜೀವನವೃತ್ತಾಂತ ಕಣ್ಣಿಗೆ ಬಿತ್ತು. ಆತನೂ ಗ್ಯಾರೇಜಿನವನ ಮಗ. ಗಾಳಿಯ ಬರವು ಹೋಗುಗಳನ್ನು ಆತನಷ್ಟು ಶ್ರದ್ಧೆಯಿಂದ ಬೆನ್ನಟ್ಟಿದವರು ವಿರಳ. ಆತನ ಕಥೆಯನ್ನು ಸಹಪಾಠಿಗಳ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಬ್ರೂಸ್ ಮೆಕ್ಲಾರೆನ್ ಹುಟ್ಟಿದ್ದು ೧೯೩೭ರ ಆಗಸ್ಟ್ ೩೦ರಂದು, ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ. ತಂದೆ ಲೆಸ್, ತಾಯಿ ರೂತ್. ರೆಮ್ಯುಎರಾ ಎಂಬ ಬಡಾವಣೆಯಲ್ಲಿ ಅವರದೊಂದು ಪೆಟ್ರೋಲು ಬಂಕು, ಅದಕ್ಕೆ ಸೇರಿದ ದುರಸ್ತಿ ಶಾಲೆ. ಬೇರೆ ಮಕ್ಕಳು ಚೆಂಡಿನೊಡನೆ ಆಡುವ ವಯಸ್ಸಿನಲ್ಲಿ ಬ್ರೂಸನು ಸ್ಪ್ಯಾನರುಗಳೊಡನೆ ಆಡಿದನು.

ಒಂಬತ್ತನೆಯ ವಯಸ್ಸಿನಲ್ಲಿ ವಿಧಿ ಅವನ ಮೇಲೆ ಕೈಮಾಡಿತು. ಸೊಂಟದ ಕೀಲಿಗೆ ಪರ್ಥೆಸ್ ಎಂಬ ರೋಗ ತಗಲಿತು. ಟಕಪುನಾ ಎಂಬಲ್ಲಿ ಅಂಗವಿಕಲ ಮಕ್ಕಳಿಗಾಗಿ ಇದ್ದ ವಿಲ್ಸನ್ ಹೋಮಿನಲ್ಲಿ, ಚೌಕಟ್ಟೊಂದಕ್ಕೆ ಕಾಲುಗಳನ್ನು ಬಿಗಿಸಿಕೊಂಡು, ಸುಮಾರು ಎರಡು ವರ್ಷ ಅಂಗಾತ ಮಲಗಿಯೇ ಕಳೆದನು. ಎದ್ದಾಗ ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿತ್ತು. ಕುಂಟು ಕೊನೆಯವರೆಗೂ ಹೋಗಲಿಲ್ಲ. ಓಡಲಾರದ ಹುಡುಗನೇ ಮುಂದೆ ಜಗತ್ತಿನ ಅತಿವೇಗದ ಮನುಷ್ಯರಲ್ಲಿ ಒಬ್ಬನಾದನು!

ಅವನಿಗೆ ಹದಿಮೂರು ವರ್ಷವಾಗಿದ್ದಾಗ ತಂದೆ ಒಂದು ಹಳೆಯ ಆಸ್ಟಿನ್ ಸೆವೆನ್ ಅಲ್ಸ್ಟರ್ ಕಾರನ್ನು ಕೊಂಡು ತಂದರು. ಕಾರೆನ್ನುವುದಕ್ಕಿಂತ ಬಿಡಿಭಾಗಗಳ ರಾಶಿಯೆನ್ನುವುದು ಹೆಚ್ಚು ಸರಿ. ಎಂಜಿನ್ನು ೭೪೭ ಸಿ.ಸಿ.ಯದು. ತಂದೆಮಕ್ಕಳು ಸೇರಿ ಒಂದೊಂದೇ ಭಾಗವನ್ನು ತೊಳೆದು, ತಿದ್ದಿ, ಕೂಡಿಸಿದರು. ಮನೆಯ ಹಿತ್ತಲಿನ ಹಣ್ಣಿನ ಗಿಡಗಳ ನಡುವೆ ಸುತ್ತಿ ಸುತ್ತಿ ಬ್ರೂಸನು ಕಾರು ನಡೆಸುವುದನ್ನು ಕಲಿತನು. ೧೯೫೨ರಲ್ಲಿ ಮುರಿವಾಯ್ ಎಂಬ ಕಡಲತೀರದ ಗುಡ್ಡ ಹತ್ತುವ ಪಂದ್ಯದಲ್ಲಿ ಅದೇ ಕಾರಿನೊಡನೆ ಕಣಕ್ಕಿಳಿದನು. ಒಂದು ಯಂತ್ರವನ್ನು ತಾನೇ ಬಿಚ್ಚಿ ತಾನೇ ಕೂಡಿಸಿದವನಿಗೆ, ಅದು ಓಡುವಾಗ ಹೊರಡಿಸುವ ಒಂದೊಂದು ದನಿಯೂ ಪರಿಚಿತರ ದನಿಯಂತೆ ಕೇಳಿಸುತ್ತದೆ. ಈ ಶ್ರವಣಶಕ್ತಿಯೇ ಅವನ ಮುಂದಿನ ಬಾಳಿನ ಬಂಡವಾಳ.

ಆಕ್ಲೆಂಡಿನ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗಕ್ಕೆ ಸೇರಿದನಾದರೂ ಪದವಿಯನ್ನು ಮುಗಿಸಲಿಲ್ಲ. ನ್ಯೂಜಿಲೆಂಡಿನ ತರುಣ ಚಾಲಕನೊಬ್ಬನನ್ನು ಯೂರೋಪಿಗೆ ಕಳುಹಿಸುವ ಯೋಜನೆಯೊಂದು ೧೯೫೮ರಲ್ಲಿ ಆರಂಭವಾಯಿತು. ಮೊದಲ ಆಯ್ಕೆಯೇ ಬ್ರೂಸ್. ಆಸ್ಟ್ರೇಲಿಯದ ಪ್ರಸಿದ್ಧ ಚಾಲಕ ಜ್ಯಾಕ್ ಬ್ರಾಬಮ್ ಅವನನ್ನು ಇಂಗ್ಲೆಂಡಿನ ಕೂಪರ್ ಕಂಪನಿಯವರಿಗೆ ಪರಿಚಯಿಸಿದನು. ಅದೇ ವರ್ಷ ಜರ್ಮನಿಯ ಗ್ರಾಂಡ್ ಪ್ರಿ ಪಂದ್ಯದಲ್ಲಿ ಚಿಕ್ಕ ಎಂಜಿನ್ನಿನ ಎರಡನೆಯ ದರ್ಜೆಯ ಕಾರಿನಲ್ಲಿದ್ದೂ ಒಟ್ಟಿನಲ್ಲಿ ಐದನೆಯವನಾಗಿ ಗುರಿ ಮುಟ್ಟಿದನು.

೧೯೫೯ರ ಡಿಸೆಂಬರ್ ೧೨ರಂದು ಅಮೆರಿಕದ ಸೀಬ್ರಿಂಗಿನಲ್ಲಿ ನಡೆದ ಪಂದ್ಯ ಮರೆಯಲಾಗದಂಥದು. ಮುಂದಿದ್ದ ಬ್ರಾಬಮನ ಕಾರಿನಲ್ಲಿ ಕಡೆಯ ಸುತ್ತಿನಲ್ಲಿ ಪೆಟ್ರೋಲು ಮುಗಿಯಿತು. ಹಿಂದಿದ್ದ ಬ್ರೂಸನು ತನ್ನ ಹಿರಿಯನಿಗೆ ಏನಾಯಿತೋ ಎಂದು ಅನುಮಾನದಿಂದ ನಿಧಾನಿಸಿದನು. ಬ್ರಾಬಮ್ ಕೈಬೀಸಿ ಮುಂದೆ ಹೋಗುವಂತೆ ಸನ್ನೆಮಾಡಿದನು. ಒಂದು ಸೆಕೆಂಡಿಗೂ ಕಡಮೆ ಅಂತರದಲ್ಲಿ ಬ್ರೂಸ್ ಗೆದ್ದನು. ಬ್ರಾಬಮ್ ತನ್ನ ಕಾರನ್ನು ತಳ್ಳಿಕೊಂಡೇ ಬಂದು ನಾಲ್ಕನೆಯವನಾಗಿ ಆ ವರ್ಷದ ವಿಶ್ವ ಚಾಂಪಿಯನ್ ಆದನು. ಆಗ ಬ್ರೂಸನಿಗೆ ೨೨ ವರ್ಷ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಗ್ರಾಂಡ್ ಪ್ರಿ ಗೆದ್ದ ಆ ದಾಖಲೆಯನ್ನು ಮುರಿಯಲು ೨೦೦೩ರಲ್ಲಿ ಫರ್ನಾಂಡೊ ಅಲಾನ್ಸೊ ಬರಬೇಕಾಯಿತು.

ಇಷ್ಟಕ್ಕೇ ತೃಪ್ತನಾಗಿದ್ದರೆ ಬ್ರೂಸನು ಒಳ್ಳೆಯ ಚಾಲಕರ ಪಟ್ಟಿಯಲ್ಲಿ ಒಂದು ಹೆಸರಾಗಿ ಉಳಿಯುತ್ತಿದ್ದನು. ಆದರೆ ಪರರು ಕಟ್ಟಿಕೊಟ್ಟ ಕಾರನ್ನು ನಡೆಸುವುದರಲ್ಲಿ ಅವನಿಗೆ ಸಮಾಧಾನವಿರಲಿಲ್ಲ. ೧೯೬೩ರಲ್ಲಿ ತನ್ನ ಹೆಸರಿನಲ್ಲಿಯೇ ಒಂದು ಚಿಕ್ಕ ಕಂಪನಿಯನ್ನು ಸ್ಥಾಪಿಸಿದನು. ಮರುವರ್ಷದ ಆರಂಭದಲ್ಲಿಯೇ ಅವನ ತಂಡದ ತರುಣ ಚಾಲಕ ಟಿಮ್ಮಿ ಮೇಯರ್ ಟಾಸ್ಮೇನಿಯದ ಲಾಂಗ್‌ಫರ್ಡಿನಲ್ಲಿ ಅಪಘಾತಕ್ಕೀಡಾಗಿ ಮಡಿದನು. ಈ ಆಟದಲ್ಲಿ ತೆರಬೇಕಾದ ಬೆಲೆಯೇನೆಂಬುದು ಬ್ರೂಸನಿಗೆ ಅಂದೇ ತಿಳಿಯಿತು. ಆದರೂ ಅವನು ಹಿಂದೆಗೆಯಲಿಲ್ಲ.

ಕಂಪನಿಯ ಮೊದಲ ಕಾರ್ಯಾಗಾರ ಲಂಡನ್ನಿನ ಹೊರವಲಯದ ನ್ಯೂ ಮಾಲ್ಡನ್ನಿನಲ್ಲಿದ್ದ ಮಣ್ಣು ನೆಲದ ಒಂದು ಷೆಡ್ಡು. ೧೯೬೪ರಲ್ಲಿ ‘ಜೆರೆಕ್ಸ್ ಸ್ಪೆಷಲ್’ ಎಂಬ ಕ್ರೀಡಾಕಾರನ್ನು ಕೊಂಡು, ಅದರ ನಡುಭಾಗವನ್ನೇ ಕತ್ತರಿಸಿ ತೆಗೆದು, ಅಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಕಂಪನಿಯ ಎಂಟು ಸಿಲಿಂಡರಿನ ಅಲ್ಯೂಮಿನಿಯಂ ಎಂಜಿನ್ನನ್ನು ಕೂಡಿಸಿದರು. ಕೆನಡಾದ ಮಾಸ್‌ಪೋರ್ಟ್ ಪಂದ್ಯಕ್ಕೆ ಹೊರಡುವಾಗ ಸರಿಯಾದ ಹೊಗೆಕೊಳವೆ ಮಾಡಲೂ ಸಮಯವಿರಲಿಲ್ಲ. ಎಂಟು ಗಿಡ್ಡ ಕೊಳವೆಗಳನ್ನು ಮೇಲ್ಮುಖವಾಗಿ ನಿಲ್ಲಿಸಿದರು. ತೋಟದ ಗೇಟಿಗೆ ಬಳಿಯುವ ಹಸುರು ಬಣ್ಣವನ್ನು ಅಂಗಡಿಯಿಂದ ತಂದು ಬಳಿದರು. ಆ ಕಾರು ಪಂದ್ಯವನ್ನು ಗೆದ್ದಿತು! ಅಚ್ಚುಕಟ್ಟು ಬೇಡವೆಂದು ಇದರರ್ಥವಲ್ಲ. ಯಾವುದು ಮುಖ್ಯ, ಯಾವುದು ಅಲಂಕಾರ ಎಂಬ ವಿವೇಕ ಅವರಲ್ಲಿತ್ತು.

ಗಾಳಿಯ ವಿಷಯದಲ್ಲಿ ಅವನಿಗಿದ್ದ ಕಣ್ಣಿಗೆ ಸಾಕ್ಷಿಯಾಗಿ ಒಂದು ಪ್ರಸಂಗವನ್ನು ಹೇಳುವುದುಂಟು. ತನ್ನ ಕ್ರೀಡಾಕಾರೊಂದನ್ನು ಪರೀಕ್ಷಿಸುತ್ತಿದ್ದಾಗ ಪೆಟ್ರೋಲು ತುಂಬುವ ಕಿಂಡಿಯ ಮುಚ್ಚಳ ಪಟಪಟನೆ ಬಡಿದುಕೊಳ್ಳುತ್ತಿತ್ತು. ಸರಿಯಾಗಿ ಬಿಗಿಯದ ಕೆಲಸಗಾರರ ಮೇಲೆ ಮೊದಲು ಅವನಿಗೆ ಸಿಟ್ಟು ಬಂದಿತು. ಬಳಿಕ ಯೋಚನೆ ಹೊಳೆಯಿತು. ವೇಗ ಹೆಚ್ಚಿದಂತೆ ಮೇಲಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯಬೇಕಷ್ಟೆ. ಇದು ಇನ್ನೂ ಹೆಚ್ಚಾಗಿ ಏಳುತ್ತಿದೆ. ಹಾಗಾದರೆ ಗಾಳಿ ಕೆಳಗಿನಿಂದ ನೂಕುತ್ತಿದೆ! ಮೂತಿಯಲ್ಲಿರುವ ರೇಡಿಯೇಟರಿನ ಮೂಲಕ ಒಳಹೊಕ್ಕ ಗಾಳಿ ಹೊರಹೋಗಲು ದಾರಿಯಿಲ್ಲದೆ ಕಾರನ್ನೇ ಮೇಲೆತ್ತುತ್ತಿದೆ. ಕಾರನ್ನು ನಿಲ್ಲಿಸಿದವನೇ ತಗಡು ಕತ್ತರಿಯನ್ನು ತೆಗೆದುಕೊಂಡು ರೇಡಿಯೇಟರಿನ ಹಿಂಬದಿಯ ಮೈತಗಡನ್ನು ತನ್ನ ಕೈಯಾರ ಕತ್ತರಿಸಿದನು. ಬಿಸಿಗಾಳಿ ಮೇಲಕ್ಕೆ ಹಾರಿಹೋಯಿತು; ಮೂತಿ ನೆಲವನ್ನು ಕಚ್ಚಿ ನಿಂತಿತು; ಕಾರು ಮೊದಲಿಗಿಂತ ಬೇಗ ಸುತ್ತು ಮುಗಿಸತೊಡಗಿತು. ಮೂಗಿನ ಹೊಳ್ಳೆಗಳಂಥ ಆ ಕಿಂಡಿಗಳು ಮುಂದೆ ಅವನ ಕಾರುಗಳ ಲಕ್ಷಣವೇ ಆದುವು.

ಉಸಿರನ್ನು ಹೊರಬಿಡಲು ದಾರಿ ಮಾಡಿದಂತೆಯೇ ಒಳಗೆ ಎಳೆದುಕೊಳ್ಳುವುದಕ್ಕೂ ಈ ಕಾರುಗಳಲ್ಲಿ ಬಿಚ್ಚುದಾರಿಯಿತ್ತು. ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆಯುತ್ತಿದ್ದ ಕ್ಯಾನ್-ಆಮ್ ಪಂದ್ಯಗಳಿಗಾಗಿ ೧೯೬೮ರಲ್ಲಿ ಕಟ್ಟಿದ ಎಂ೮ಎ ಕಾರಿನಲ್ಲಿ ಷೆವ್ರೊಲೆಯವರ ೭ ಲೀಟರಿನ ಎಂಜಿನ್ನು ಚಾಲಕನ ಬೆನ್ನಹಿಂದೆ ಕುಳಿತಿತ್ತು. ಅದರ ಶಕ್ತಿ ೬೦೦ ಅಶ್ವಬಲಕ್ಕೂ ಮಿಗಿಲು. ಸಿಲಿಂಡರಿಗೊಂದರಂತೆ ಎಂಟು ತುತ್ತೂರಿಗಳು ಬಯಲಿಗೆ ಬಾಯ್ದೆರೆದು ನಿಂತು ತಂಪು ಗಾಳಿಯನ್ನು ಕುಡಿಯುತ್ತಿದ್ದುವು. ತುತ್ತೂರಿಯ ಉದ್ದಕ್ಕೂ ಲೆಕ್ಕವುಂಟು. ಒಳದ್ವಾರ ತೆರೆದು ಮುಚ್ಚುವಾಗ ಗಾಳಿಯಲ್ಲಿ ಅಲೆಗಳೇಳುತ್ತವೆ. ಅಲೆ ಹಿಂದಿರುಗಿ ಬರುವ ಹೊತ್ತಿಗೆ ದ್ವಾರ ತೆರೆದಿರುವಂತೆ ಉದ್ದವನ್ನು ಗೊತ್ತುಮಾಡಿದರೆ ಸಿಲಿಂಡರಿನೊಳಕ್ಕೆ ಗಾಳಿ ತಾನಾಗಿ ತುಂಬಿಕೊಳ್ಳುತ್ತದೆ.

ಗೆಲವುಗಳು ಸಾಲುಗಟ್ಟಿ ಬಂದುವು. ೧೯೬೬ರಲ್ಲಿ ಸ್ವದೇಶದವನೇ ಆದ ಕ್ರಿಸ್ ಏಮನ್ನನೊಡನೆ ಫೋರ್ಡ್ ಕಾರಿನಲ್ಲಿ ಲ ಮಾನ್ಸಿನ ೨೪ ಗಂಟೆಗಳ ಪಂದ್ಯವನ್ನು ಗೆದ್ದನು. ೧೯೬೮ರ ಜೂನ್ ೯ರಂದು ಬೆಲ್ಜಿಯಂ ಗ್ರಾಂಡ್ ಪ್ರಿ ಪಂದ್ಯವನ್ನು ತನ್ನ ಹೆಸರಿನ ಕಾರಿನಲ್ಲಿಯೇ ಗೆದ್ದನು. ಮುಂದಿದ್ದವನ ಪೆಟ್ರೋಲು ಮುಗಿದಿದ್ದುದರಿಂದ, ತಾನು ಗೆದ್ದುದು ಪಂದ್ಯ ಮುಗಿದ ಮೇಲೆ ಇನ್ನೊಬ್ಬರು ಹೇಳಿ ಅವನಿಗೆ ತಿಳಿಯಿತು! ೧೯೬೭ ಮತ್ತು ೧೯೬೯ರಲ್ಲಿ ಕ್ಯಾನ್-ಆಮ್ ಚಾಂಪಿಯನ್ ಆದನು. ನಡುವಿನ ೧೯೬೮ರ ಪಟ್ಟ ಅವನ ಜೊತೆಗಾರ ಡೆನಿ ಹ್ಯೂಮನಿಗೆ ಸಂದಿತು. ೧೯೬೯ರಲ್ಲಿ ನಡೆದ ೧೧ ಪಂದ್ಯಗಳಲ್ಲಿ ೧೧ನ್ನೂ ಇವರಿಬ್ಬರ ಕಾರುಗಳೇ ಗೆದ್ದುವು.

೧೯೭೦ರ ಮೇ ತಿಂಗಳಲ್ಲಿ ಇಂಡಿಯಾನಪೊಲಿಸಿನಲ್ಲಿ ಬೆಂಕಿ ತಗುಲಿ ಹ್ಯೂಮನ ಕೈಗಳು ಸುಟ್ಟುವು. ಹೊಸ ಎಂ೮ಡಿ ಕಾರಿನ ಪರೀಕ್ಷೆ ಬಾಕಿಯಿತ್ತು. ಬ್ರೂಸನೇ ಕುಳಿತನು, ತನ್ನ ಕಾರನ್ನು ತಾನೇ ಪರೀಕ್ಷಿಸುವುದು ಅವನ ವಾಡಿಕೆ. ಜೂನ್ ೨ರಂದು ಇಂಗ್ಲೆಂಡಿನ ಗುಡ್‌ವುಡ್ಡಿನಲ್ಲಿ, ನೆಟ್ಟನೆಯ ದಾರಿಯಲ್ಲಿ ಮಹಾವೇಗದಿಂದ ಸಾಗುತ್ತಿದ್ದಾಗ, ಹಿಂಭಾಗದ ಮೈಹೊದಿಕೆ ಕಳಚಿ ಹಾರಿಹೋಯಿತು. ಕಾರನ್ನು ನೆಲಕ್ಕೆ ಒತ್ತಿ ಹಿಡಿದಿದ್ದ ಗಾಳಿಯ ಭಾರ ಕ್ಷಣಮಾತ್ರದಲ್ಲಿ ಇಲ್ಲವಾಯಿತು. ಕಾರು ತಿರುಗಿ ಪಕ್ಕದ ಕಟ್ಟೆಗೆ ಅಪ್ಪಳಿಸಿತು. ಬ್ರೂಸ್ ಮೆಕ್ಲಾರೆನ್ ಅಲ್ಲಿಯೇ ಅಸು ನೀಗಿದನು. ವಯಸ್ಸು ೩೨. ಹೆಂಡತಿ ಪ್ಯಾಟ್ ಮತ್ತು ಪುಟ್ಟ ಮಗಳು ಅಮಾಂಡ ಉಳಿದರು.

ಮರುದಿನ ಕೆಲಸಗಾರರಿಗೆ ರಜೆ ಕೊಡಲಾಯಿತು. ಆದರೆ ಎಲ್ಲರೂ ಕಾರ್ಯಾಗಾರಕ್ಕೆ ಬಂದರು. ಹನ್ನೆರಡು ದಿನಗಳ ಬಳಿಕ, ಜೂನ್ ೧೪ರಂದು, ಮಾಸ್‌ಪೋರ್ಟಿನಲ್ಲಿ ಡ್ಯಾನ್ ಗರ್ನಿ ಅವರ ಕಾರನ್ನು ನಡೆಸಿ ಗೆದ್ದನು. ಸುಟ್ಟ ಕೈಗಳಿಗೆ ಪಟ್ಟಿ ಕಟ್ಟಿಕೊಂಡೇ ಹ್ಯೂಮ್ ಕೂಡ ಕಣಕ್ಕಿಳಿದಿದ್ದನು. ಆ ವರ್ಷದ ೧೦ ಪಂದ್ಯಗಳಲ್ಲಿ ೯ ಅವರವೇ ಆದುವು. ಮಣ್ಣು ನೆಲದ ಷೆಡ್ಡಿನಲ್ಲಿ ಹುಟ್ಟಿದ ಸಂಸ್ಥೆ ಇಂದು ಇಂಗ್ಲೆಂಡಿನ ವೋಕಿಂಗಿನಲ್ಲಿ ದೊಡ್ಡದಾಗಿ ಬೆಳೆದಿದೆ. ತಂದೆಮಕ್ಕಳು ಕೂಡಿಸಿದ ಆ ಆಸ್ಟಿನ್ ಕಾರನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಯಾವ ಗಾಳಿಯನ್ನು ಪಳಗಿಸಲು ಹೆಣಗಿದನೋ ಅದೇ ಗಾಳಿ ಅವನನ್ನು ಕೊಂಡೊಯ್ಯಿತು. ಇದನ್ನು ನೆನೆದು ಹಲವು ದಿನ ನನಗೆ ಮನಸ್ಸು ಕದಡಿತ್ತು. ವೇಗಕ್ಕಾಗಿ ಪ್ರಾಣ ಕೊಡುವುದು ವಿವೇಕವೇ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಅಪಾಯದ ಕೆಲಸಕ್ಕೆ ಬೇರೊಬ್ಬರನ್ನು ಮುಂದೆ ನೂಕದೆ ತಾನೇ ಕುಳಿತವನ ಬಗೆಗೆ ಗೌರವ ಹುಟ್ಟದಿರುವುದು ಸಾಧ್ಯವಿಲ್ಲ. ಬಡಿದುಕೊಳ್ಳುವ ಒಂದು ಮುಚ್ಚಳವನ್ನು ಕಂಡು ಸಿಟ್ಟನ್ನು ಬಿಟ್ಟು ಕಾರಣವನ್ನು ಹುಡುಕಿದನಲ್ಲ, ವಿದ್ಯೆಯೆಂದರೆ ಅದೇ ಎಂದು ನನ್ನ ನಂಬಿಕೆ.

ಮೊದಲನೆಯ ವರ್ಷದಲ್ಲಿ ತಂದೆಯ ಉದ್ಯೋಗವೇನೆಂದು ಯಾರಾದರೂ ಕೇಳಿದರೆ ನಾನು ಮೆಲುದನಿಯಲ್ಲಿ ಹೇಳಿ ಮಾತನ್ನು ತಿರುಗಿಸುತ್ತಿದ್ದೆ. ಕಳೆದ ದಸರೆಯ ರಜೆಯಲ್ಲಿ ಊರಿಗೆ ಹೋದಾಗ ತಂಪು ಗಾಳಿಗೆ ತೂಕ ಹೆಚ್ಚೆಂಬ ಲೆಕ್ಕವನ್ನು ಕಾಗದದ ಮೇಲೆ ಬರೆದು ತಂದೆಯವರಿಗೆ ತೋರಿಸಿದೆ. ಅವರು ಗ್ರೀಸಿನ ಕೈಯನ್ನು ಬಟ್ಟೆಗೆ ಒರಸಿಕೊಂಡು, ಕಾಗದದ ಅಂಚನ್ನು ಮಾತ್ರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಸ್ಪ್ಯಾನರನ್ನು ನನ್ನ ಕೈಗಿತ್ತು, ಮುಂದಿನ ಲಾರಿಯ ಏರ್ ಫಿಲ್ಟರನ್ನು ಬಿಚ್ಚುವಂತೆ ಹೇಳಿದರು.