ವೆಲ್ಲೂರಿನ ಡಾ. ಐಡಾ ಸ್ಕಡರ್

ವೆಲ್ಲೂರು ಎಂದರೆ ನಿಮಗೆ ಟಿಪ್ಪು ಸುಲ್ತಾನರ ಮಕ್ಕಳನ್ನು 1799ರ ನಂತರ ಇರಿಸಿದ್ದ ಕೋಟೆ ನೆನಪಾಗಬಹುದು. ಇಲ್ಲವೇ ದೂರದೂರದ ರೋಗಿಗಳು ಹೋಗುವ ಸಿ.ಎಂ.ಸಿ. ಆಸ್ಪತ್ರೆ. ಆ ಆಸ್ಪತ್ರೆಯ ಮೂಲ ಮೂವರು ಹೆಂಗಸರ ಹೆರಿಗೆ ನೋವಿನಲ್ಲಿದೆ ಎಂಬುದು ಗೊತ್ತೇ?

ಐಡಾ ಸ್ಕಡರ್ 1870ರ ಡಿಸೆಂಬರ್ 9ರಂದು ರಾಣಿಪೇಟೆಯಲ್ಲಿ ಹುಟ್ಟಿದರು. ಅಜ್ಜ, ತಂದೆ ಇಬ್ಬರೂ ಅಮೆರಿಕದ ಮಿಶನರಿ ವೈದ್ಯರು. ಬಾಲ್ಯದಲ್ಲಿ ಕಂಡ ಬರಗಾಲದಿಂದ ಬೇಸತ್ತ ಐಡಾ ಅಮೆರಿಕದಲ್ಲೇ ನೆಲೆಸುವ ಮನಸ್ಸು ಮಾಡಿದ್ದರು. 1890ರ ದಶಕದ ಆರಂಭದಲ್ಲಿ ತಾಯಿಯ ಕಾಯಿಲೆಯ ಕಾರಣ ತಿಂಡಿವನಕ್ಕೆ ಬಂದಿದ್ದಾಗ, ಒಂದು ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರು ಬಾಗಿಲಿಗೆ ಬಂದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸ್ಲಿಂ, ಇನ್ನೊಬ್ಬ ಮೇಲ್ಜಾತಿಯ ಹಿಂದೂ. ಮೂವರ ಹೆಂಡಂದಿರೂ ಹೆರಿಗೆಯಲ್ಲಿ ಒದ್ದಾಡುತ್ತಿದ್ದರು. ತಂದೆ ಹೊರಡಲು ಸಿದ್ಧರಿದ್ದರೂ ಪರಪುರುಷ ಬೇಡವೆಂದು ಅವರು ಐಡಾರನ್ನೇ ಬೇಡಿಕೊಂಡರು. ಐಡಾರಿಗೆ ವೈದ್ಯವೇ ಬಾರದು. ಬೆಳಗಾಗುವಷ್ಟರಲ್ಲಿ ಮೂವರೂ ಹೆಂಗಸರು ತೀರಿಕೊಂಡಿದ್ದರು.

ಗಂಡಂದಿರನ್ನು ಹಳಿಯುವುದು ಸುಲಭ. ಆದರೆ ನಡುರಾತ್ರಿ ಓಡಿಬಂದವರೂ ಅವರೇ ಅಲ್ಲವೇ? ಅಲ್ಲಿ ಇಲ್ಲದಿದ್ದವಳು ಕಲಿತ ಹೆಣ್ಣು.

ಐಡಾ 1895ರಲ್ಲಿ ವೈದ್ಯ ಶಿಕ್ಷಣಕ್ಕೆ ಸೇರಿ 1899ರಲ್ಲಿ ಪದವಿ ಪಡೆದರು. 1900ರಲ್ಲಿ ವೆಲ್ಲೂರಿಗೆ ಬಂದು ಮನೆಯಲ್ಲೇ ಪುಟ್ಟ ದವಾಖಾನೆ ತೆರೆದರು. 1902ರಲ್ಲಿ 40 ಹಾಸಿಗೆಗಳ ಹೆಂಗಸರ ಆಸ್ಪತ್ರೆಯಾಯಿತು. ಆಗ ಎದುರಾದ ತೊಡಕೇ ಬೇರೆ. ಡಾಕ್ಟರು ಒಬ್ಬರು, ನೋವು ತಿನ್ನುವವರು ಹಲವರು. ಚೊಚ್ಚಲ ಹೆರಿಗೆಯೆಂದರೆ ಹತ್ತು-ಹನ್ನೆರಡು ತಾಸೂ ಹಿಡಿದೀತು. ಅಷ್ಟು ಹೊತ್ತು ಪಕ್ಕದಲ್ಲೇ ಕುಳಿತು ನಾಡಿ ನೋಡಿ, ಬೆನ್ನು ನೀವಿ, ಧೈರ್ಯ ಹೇಳಿ, ಕೆಡುಕಿನ ಸುಳಿವು ಸಿಕ್ಕೊಡನೆ ಡಾಕ್ಟರನ್ನು ಕರೆಯಲು ತರಬೇತಾದ ನರ್ಸ್ ಬೇಕು. 1909ರಲ್ಲಿ ಐಡಾ ನರ್ಸಿಂಗ್ ಶಾಲೆ ತೆರೆದರು. ಹೆಣ್ಣುಮಕ್ಕಳ ವೈದ್ಯ ಶಾಲೆ ಬಂದದ್ದು ಅದಾದ ಒಂಬತ್ತು ವರ್ಷಕ್ಕೆ, 1918ರಲ್ಲಿ. ಈ ಕ್ರಮವನ್ನು ನೀವು ಗಮನಿಸಬೇಕು.

ನಮ್ಮ ಮಹಾಕೂಟದ ಕಡೆ ತವರಿಗೆ ಬಂದ ಮಗಳ ಬಳಿ ತಾಯಿ, ಸೂಲಗಿತ್ತಿ ರಾತ್ರಿಯಿಡೀ ಕೂರುತ್ತಿದ್ದರು. ಹೆರಿಗೆ ಆಸ್ಪತ್ರೆಗೆ ಹೋದ ಮೇಲೆ ಎಷ್ಟೋ ಜೀವ ಉಳಿದವು, ಆದರೆ ತಾಯಿ ಬಾಗಿಲ ಹೊರಗೆ ಉಳಿದಳು. ನೋವಿನುದ್ದಕ್ಕೂ ಒಬ್ಬರು ಜೊತೆಗಿದ್ದರೆ ಹೆರಿಗೆ ಬೇಗ ಆಗುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳಿಂದ ತಿಳಿದುಬಂದಿದೆ. ಬಸುರಿ ಬಯಸಿದವರು ಜೊತೆಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿತು. ಅದೇ ವರ್ಷ ಭಾರತ ಸರಕಾರ ನರ್ಸುಗಳಿಗೆ 18 ತಿಂಗಳ ಹೆರಿಗೆ ತರಬೇತಿಯ ಯೋಜನೆ ಪ್ರಕಟಿಸಿತು.

ಐಡಾ ಮದುವೆಯಾಗಲಿಲ್ಲ. ವೆಲ್ಲೂರಿನ ನರ್ಸಿಂಗ್ ಶಾಲೆ 1946ರಲ್ಲಿ ಪದವಿ ಕಾಲೇಜಾದುದನ್ನು ಕಣ್ಣಾರೆ ಕಂಡು, 1960ರ ಮೇ ತಿಂಗಳಲ್ಲಿ ಕೊಡೈಕನಾಲಿನಲ್ಲಿ ನಿಧನರಾದರು.