ರಾಮ್ ಗೋಪಾಲ್ (ನರ್ತಕ)

ಬಿಸ್ಸಾನೋ ರಾಮ್ ಗೋಪಾಲ್ (20 ನವೆಂಬರ್ 1912 – 12 ಅಕ್ಟೋಬರ್ 2003) ಬೆಂಗಳೂರಿನಲ್ಲಿ ಜನಿಸಿ ಲಂಡನ್ನಿನಲ್ಲಿ ನೆಲೆಸಿದ್ದ ಶಾಸ್ತ್ರೀಯ ನರ್ತಕ ಹಾಗೂ ನೃತ್ಯ ಸಂಯೋಜಕ. ಯುರೋಪಿನ ಬ್ಯಾಲೆ ಪ್ರೇಕ್ಷಕರಿಗೆ ಭಾರತೀಯ ನೃತ್ಯವನ್ನು ಪರಿಚಯಿಸಿದವರಲ್ಲಿ ಅವರು ಪ್ರಮುಖರು.

ಬಾಲ್ಯ ಮತ್ತು ಶಿಕ್ಷಣ

ರಾಮ್ ಗೋಪಾಲರ ತಂದೆ ರಜಪೂತ ಮನೆತನದ ಬ್ಯಾರಿಸ್ಟರ್. ತಾಯಿ ಬರ್ಮಾ ದೇಶದವರು. ಕುಟುಂಬವು ಬೆಂಗಳೂರು ದಂಡು ಪ್ರದೇಶದ ಬೆನ್ಸನ್ ಟೌನಿನಲ್ಲಿ ‘ಟಾರ್ಕೀ ಕ್ಯಾಸಲ್’ ಎಂಬ ಬಂಗಲೆಯಲ್ಲಿ ವಾಸವಾಗಿತ್ತು. ಮಗನೂ ವಕೀಲನಾಗಬೇಕೆಂಬುದು ತಂದೆಯ ಇಚ್ಛೆಯಾಗಿತ್ತು. ಗೌರವಸ್ಥ ಮನೆತನದ ಹುಡುಗ ರಂಗದ ಮೇಲೆ ಕುಣಿಯುವುದನ್ನು ಅಂದಿನ ಸಮಾಜ ಒಪ್ಪುತ್ತಿರಲಿಲ್ಲ. ಮೈಸೂರು ಯುವರಾಜರ ಪ್ರೋತ್ಸಾಹ ದೊರೆತ ಬಳಿಕ ಮನೆಯ ವಿರೋಧದ ಬಿಗಿ ಸಡಿಲವಾಯಿತು.

ಅವರು ಕುಂಜು ಕುರುಪ್ ಅವರಲ್ಲಿ ಕಥಕ್ಕಳಿಯನ್ನೂ, ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆ ಮತ್ತು ಮುತ್ತುಕುಮಾರನ್ ಪಿಳ್ಳೆ ಅವರಲ್ಲಿ ಭರತನಾಟ್ಯವನ್ನೂ ಅಭ್ಯಾಸ ಮಾಡಿದರು. ಕಥಕ್ ನೃತ್ಯವನ್ನೂ ಕಲಿತರು.

ವಿದೇಶ ಪ್ರವಾಸ

1930ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ನರ್ತಕಿ ಲಾ ಮೇರಿ ತಮ್ಮ ಏಷ್ಯಾ ಪ್ರವಾಸಕ್ಕೆ ಅವರನ್ನು ಜೊತೆಗೆ ಸೇರಿಸಿಕೊಂಡರು. ಜಪಾನಿನಲ್ಲಿ ಇಬ್ಬರ ದಾರಿ ಬೇರೆಯಾಯಿತು. ಅಲ್ಲಿಂದ ಮುಂದೆ ಏಕಾಂಗಿಯಾಗಿ ಪ್ರದರ್ಶನ ನೀಡುತ್ತ ಸಾಗಿದ ಅವರು 1938ರಲ್ಲಿ ನ್ಯೂಯಾರ್ಕಿನಲ್ಲಿಯೂ, 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿಯೂ ನರ್ತಿಸಿದರು. ಬ್ಯಾಲೆ ನೋಡುತ್ತಿದ್ದ ಪ್ರೇಕ್ಷಕರಿಗಾಗಿ ಅವರು ದೀರ್ಘವಾದ ನೃತ್ಯಬಂಧಗಳನ್ನು ಸಂಕ್ಷೇಪಿಸಿದರು. ಬೆಳಕು ಮತ್ತು ಆಹಾರ್ಯಕ್ಕೆ ಹೆಚ್ಚಿನ ಗಮನ ಕೊಟ್ಟರು.

ಪಾಶ್ಚಾತ್ಯ ವಿಮರ್ಶಕರು ಅವರನ್ನು ಭಾರತದ ನಿಜಿನ್‌ಸ್ಕಿ ಎಂದು ಕರೆದರು. ಹೊಗಳಿಕೆಯೇನೋ ಹೌದು, ಆದರೆ ಪಂದನಲ್ಲೂರಿನ ಶಿಸ್ತಿನಿಂದ ಬಂದ ಕಲೆಯನ್ನು ಅದು ರಷ್ಯನ್ ಅಳತೆಗೋಲಿನಿಂದ ಅಳೆಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಭಾರತದಲ್ಲಿದ್ದರು. ತಾರಾ ಚೌಧರಿ, ಮೃಣಾಲಿನಿ ಸಾರಾಭಾಯಿ, ಕುಮುದಿನಿ ಲಾಖಿಯಾ ಮೊದಲಾದವರು ಬೇರೆ ಬೇರೆ ಕಾಲದಲ್ಲಿ ಅವರೊಡನೆ ನರ್ತಿಸಿದರು. ಕೊನೆಯ ಇಬ್ಬರು ಮುಂದೆ ಅಹಮದಾಬಾದಿನಲ್ಲಿ ಕ್ರಮವಾಗಿ ‘ದರ್ಪಣ’ ಹಾಗೂ ‘ಕದಂಬ’ ಸಂಸ್ಥೆಗಳನ್ನು ಸ್ಥಾಪಿಸಿದರು.

ಬ್ಯಾಲೆಯೊಡನೆ ಸಂಬಂಧ

ರಾಮ್ ಗೋಪಾಲರು ಜನಿಸಿದ 1912ರಲ್ಲಿಯೇ ಡಯಾಗಿಲೆವ್ ಅವರ ರಷ್ಯನ್ ಬ್ಯಾಲೆ ತಂಡ ಪ್ಯಾರಿಸ್ಸಿನಲ್ಲಿ ‘ನೀಲಿ ದೇವರು’ ಎಂಬ ಬ್ಯಾಲೆಯನ್ನು ಪ್ರದರ್ಶಿಸಿತು. ಮುಖ್ಯ ಪಾತ್ರ ನಿಜಿನ್‌ಸ್ಕಿಯದು. ಅಲ್ಲಿ ಭಾರತವಿದ್ದದ್ದು ವೇಷದಲ್ಲಿ, ಕಲ್ಪನೆಯಲ್ಲಿ. 1923ರಲ್ಲಿ ಆನ್ನಾ ಪಾವ್ಲೋವಾ ಅವರು ಉದಯ ಶಂಕರರೊಡನೆ ರಾಧಾ-ಕೃಷ್ಣರ ಬ್ಯಾಲೆಯಲ್ಲಿ ನರ್ತಿಸಿದರು; ಉದಯ ಶಂಕರರಿಗೆ ಆಗ ಶಾಸ್ತ್ರೀಯ ನೃತ್ಯದ ಶಿಕ್ಷಣವಿರಲಿಲ್ಲ. 1960ರಲ್ಲಿ ರಾಮ್ ಗೋಪಾಲರು ಅದೇ ವಸ್ತುವನ್ನು ಎತ್ತಿಕೊಂಡಾಗ ಸ್ಥಿತಿ ಬದಲಾಗಿತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ ಡಯಾಗಿಲೆವ್ ತಂಡ ಸೇರಿ ಜಗತ್ಪ್ರಸಿದ್ಧರಾಗಿದ್ದ ಬ್ರಿಟಿಷ್ ಬ್ಯಾಲೆ ನರ್ತಕಿ ಅಲಿಶಿಯಾ ಮಾರ್ಕೊವಾ, ‘ರಾಧಾ-ಕೃಷ್ಣ’ದಲ್ಲಿ ಅವರ ರಾಧೆಯಾದರು. ಈ ಬಾರಿ ಕಲಿಯುವ ಸರದಿ ಬ್ಯಾಲೆಯದಾಗಿತ್ತು.

ಇದಕ್ಕೆ ಮೊದಲು, 1956ರ ಎಡಿನ್‌ಬರೋ ಉತ್ಸವದಲ್ಲಿ ಅವರ ‘ತಾಜ್ ಮಹಲಿನ ದಂತಕಥೆ’ ಪ್ರದರ್ಶನ ಕಂಡಿತ್ತು.

ಕೊನೆಯ ವರ್ಷಗಳು

1957ರಲ್ಲಿ ಅವರ ಆತ್ಮಕಥೆ ‘ರಿದಮ್ ಇನ್ ದಿ ಹೆವನ್ಸ್’ ಪ್ರಕಟವಾಯಿತು. ‘ದಿ ಪರ್ಪಲ್ ಪ್ಲೇನ್’ (1954) ಮುಂತಾದ ಚಲನಚಿತ್ರಗಳಲ್ಲಿಯೂ ಅವರು ನಟಿಸಿದ್ದರು. 1960ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ತೆರೆದ ನೃತ್ಯಶಾಲೆ ಹೆಚ್ಚು ಕಾಲ ನಡೆಯಲಿಲ್ಲ. ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ದೊರೆತದ್ದು 1990ರಲ್ಲಿ, ಬ್ರಿಟಿಷ್ ಸರ್ಕಾರದ ಓ.ಬಿ.ಇ. ಗೌರವ 1999ರಲ್ಲಿ, ಎರಡೂ ಅವರು ರಂಗದಿಂದ ನಿವೃತ್ತರಾಗಿ ಬಹುಕಾಲದ ನಂತರ ಬಂದವು. ದಕ್ಷಿಣ ಲಂಡನ್ನಿನಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ ಅವರು ನಿಧನರಾದರು.