ಸೀಸೆ ಸಂಖ್ಯೆ 53-ಎನ್: ಹಾಫ್ಕಿನ್ ಹೊತ್ತ ಕಳಂಕ

ಕಂಬದೂರು: ನಮ್ಮ ಗಡಿಸೀಮೆಯಲ್ಲಿ ರೋಗಿ ತನ್ನ ನೋವನ್ನು ಕನ್ನಡದಲ್ಲಿ ಹೇಳುತ್ತಾನೆ, ಕೇಳಿಸಿಕೊಳ್ಳುವವರು ತೆಲುಗಿನವರು, ಚೀಟಿ ಬರೆಯುವುದು ಇಂಗ್ಲಿಷಿನಲ್ಲಿ! ಹೇಳಿದ್ದೊಂದು ಬರೆದದ್ದೊಂದು ಆದರೆ ಏನಾದೀತು? ಪ್ಲೇಗಿಗೆ ಲಸಿಕೆ ಕಂಡುಹಿಡಿದ ವಾಲ್ಡಿಮಾರ್ ಹಾಫ್ಕಿನ್ ಎಂಬ ವಿಜ್ಞಾನಿಯ ಬದುಕೇ ಇದಕ್ಕೆ ಉತ್ತರ.

ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಕಪ್ಪುಸಮುದ್ರದ ದಂಡೆಯ ಒಡೆಸ್ಸಾ ನಗರದ ಯಹೂದಿ ಮನೆತನದಲ್ಲಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದಾಗ ಅವರಿಗೆ ಸಿಕ್ಕಿದ್ದು ಗ್ರಂಥಪಾಲಕನ ಕೆಲಸ. ಬಿಡುವಿನಲ್ಲೇ ಸಂಶೋಧನೆ ನಡೆಸಿ ಕಾಲರಾ ಲಸಿಕೆ ತಯಾರಿಸಿದರು. 1892ರಲ್ಲಿ ಅದನ್ನು ಮೊದಲು ಚುಚ್ಚಿಕೊಂಡಿದ್ದು ತಮ್ಮ ಮೈಗೇ. ಮರುವರ್ಷ ಭಾರತಕ್ಕೆ ಬಂದು ಊರೂರು ಅಲೆದು ಲಸಿಕೆ ಹಾಕಿದರು.

1896ರಲ್ಲಿ ಮುಂಬಯಿಗೆ ಪ್ಲೇಗು ಅಪ್ಪಳಿಸಿತು. ಹಾಫ್ಕಿನ್ ಅಲ್ಲಿಗೆ ಧಾವಿಸಿದರು. ಕೆಲವೇ ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಮತ್ತೆ ತಮ್ಮ ಮೈಗೇ ಚುಚ್ಚಿಸಿಕೊಂಡರು. ಬಳಿಕ ಬೈಕುಲ್ಲಾ ಜೈಲಿನ ಕೈದಿಗಳಲ್ಲಿ ಒಪ್ಪಿದವರಿಗೆ ಲಸಿಕೆ ಹಾಕಿ, ಹಾಕಿಸಿಕೊಂಡವರೆಷ್ಟು, ಬಿಟ್ಟವರೆಷ್ಟು, ಯಾರಿಗೆ ರೋಗ ಬಂತು ಎಂದು ಲೆಕ್ಕ ಇಟ್ಟರು. ಲೆಕ್ಕವಿಲ್ಲದ ಔಷಧಿಯನ್ನು ನಂಬಬಾರದು ಎಂಬುದು ಅವರ ನಿಲುವಾಗಿತ್ತು.

ಕನ್ನಡ ನಾಡಿಗೂ ಈ ಲಸಿಕೆ ಬಂತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಅದನ್ನು ಹಾಕಿಸಿಕೊಂಡರು. ಅದೇ ವರ್ಷ ಬೆಂಗಳೂರಿಗೂ ಪ್ಲೇಗು ಕಾಲಿಟ್ಟಿತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳನ್ನೂ, ಪ್ಲೇಗಿನಮ್ಮನ ಗುಡಿಗಳನ್ನೂ ನಮ್ಮ ಹಿರಿಯರು ಬಲ್ಲರು.

ಆಮೇಲೆ ಬಂತು ಮುಲ್ಕೋವಾಲ್. ಪಂಜಾಬಿನ ಈ ಹಳ್ಳಿಯಲ್ಲಿ 1902ರ ಅಕ್ಟೋಬರ್ 30ರಂದು 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ ಹತ್ತೊಂಬತ್ತೂ ಜನರಿಗೆ ಚುಚ್ಚಿದ್ದು ಒಂದೇ ಸೀಸೆಯ ಮದ್ದು. ಅದರ ಸಂಖ್ಯೆ 53-ಎನ್!

ಸಂಖ್ಯೆ ಬರೆದಿಟ್ಟಿದ್ದರಿಂದ ಯಾವ ಸೀಸೆ ಎಂಬುದು ತಿಳಿಯಿತು. ಆದರೆ ಆ ಸೀಸೆ ಕೆಟ್ಟದ್ದು ಎಲ್ಲಿ? ಮುಂಬಯಿಯ ಪರೇಲ್ ಪ್ರಯೋಗಾಲಯದಲ್ಲೇ ಎಂದು ವಿಚಾರಣಾ ಆಯೋಗ ತೀರ್ಮಾನಿಸಿತು. ತಯಾರಿಕೆಯ ವಿಧಾನ ಬದಲಿಸಿದ್ದೂ ಹಾಫ್ಕಿನ್ ತಪ್ಪಾಗಿ ಕಂಡಿತು. ಅವರನ್ನು ಹುದ್ದೆಯಿಂದ ದೂರವಿಡಲಾಯಿತು. ಲಕ್ಷಾಂತರ ಜನರಿಗೆ ಲಸಿಕೆ ಕೊಟ್ಟ ಮನುಷ್ಯ ತನ್ನ ಹೆಸರು ತೊಳೆದುಕೊಳ್ಳಲು ವರ್ಷಗಟ್ಟಲೆ ಕಾಗದ ಹಿಡಿದು ಅಲೆಯಬೇಕಾಯಿತು.

ವಿಚಾರಣೆಯ ಕಾಗದಪತ್ರಗಳು ಬಹಿರಂಗವಾದಾಗಲೇ ಬೇರೆ ಸಂಗತಿ ಎಲ್ಲರ ಕಣ್ಣಿಗೆ ಬಿತ್ತು. ಹಳ್ಳಿಯಲ್ಲಿ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆಯೇ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ ಅಲ್ಲವೇ? ಸಾಕ್ಷ್ಯ ಕಾಗದದಲ್ಲಿದ್ದರೂ ಅದಕ್ಕೆ ಸಲ್ಲಬೇಕಾದ ಬೆಲೆ ಸಿಕ್ಕಿರಲಿಲ್ಲ. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮತ್ತು ಇತರ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು ದನಿ ಎತ್ತಿದರು. ಅದೇ ವರ್ಷ ಹಾಫ್ಕಿನ್ ಕಳಂಕಮುಕ್ತರಾದರು.

ಆದರೆ ಕಳೆದ ಐದು ವರ್ಷ ಮರಳಲಿಲ್ಲ. ಮತ್ತೆ ಭಾರತಕ್ಕೆ ಬಂದರೂ ಅವರಿಗೆ ಸಿಕ್ಕಿದ್ದು ಕಲ್ಕತ್ತೆಯ ಹುದ್ದೆ; ತಾವೇ ಕಟ್ಟಿದ ಪರೇಲ್ ಪ್ರಯೋಗಾಲಯ ಮತ್ತೆ ಕೈಗೆ ಬರಲಿಲ್ಲ. 1925ರಲ್ಲಿ ಆ ಪ್ರಯೋಗಾಲಯಕ್ಕೆ ಹಾಫ್ಕಿನ್ ಸಂಸ್ಥೆ ಎಂದು ಹೆಸರಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಅವರು ಕಣ್ಣುಮುಚ್ಚಿದರು.

ಮುಲ್ಕೋವಾಲ್‌ನ 19 ಬಡಜೀವಗಳನ್ನೂ ಮರೆಯಬಾರದು. ನಿಜವಾಗಿ ಆದದ್ದೇನೆಂದು ತಿಳಿಯುವುದು ಅವರ ಮನೆಯವರ ಹಕ್ಕಾಗಿತ್ತು.

ಇಂದು ಲಸಿಕೆಯ ಪ್ರತಿ ಸೀಸೆಯ ಮೇಲೂ ತಯಾರಿಕೆಯ ತಂಡದ ಸಂಖ್ಯೆ ಇರುತ್ತದೆ. ಕಂಬದೂರಿನಿಂದ ಕಲ್ಯಾಣದುರ್ಗಕ್ಕೋ ಅನಂತಪುರಕ್ಕೋ ಆಸ್ಪತ್ರೆಗೆ ಹೋಗುವ ನಮ್ಮ ಜನ ಹಳೆಯ ಚೀಟಿ ಜೋಪಾನವಾಗಿ ಒಯ್ಯಲಿ. ಹೆಸರು, ವಯಸ್ಸು, ಕೊಟ್ಟ ಮದ್ದು ಸರಿಯಾಗಿ ಬರೆದಿದ್ದಾರೆಯೇ ಎಂದು ಕೇಳಿ ನೋಡಲಿ. ಬರೆಯುವವರೂ, ಚಿಮಟ ಕೆಳಗೆ ಬಿದ್ದಿದ್ದರೆ ಬಿತ್ತು ಎಂದೇ ಬರೆಯಲಿ. ಹಾಗೆ ಬರೆದದ್ದನ್ನು ಮೇಲಿನವರು ಓದಲಿ.